ಸಹಿ ಹಾಕುವುದಕ್ಕೆ ಮೊದಲು: ಕಾಲ್ಚೆಂಡಾಟದ ಹುಡುಗನಿಗೆ ದೊಡ್ಡಪ್ಪನ ಪತ್ರ

ಸುಂಟಿಕೊಪ್ಪ, ಕೊಡಗು

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ನಿನ್ನ ಅಪ್ಪ ಮೊನ್ನೆ ಸಂಜೆ ತೋಟದ ಕೆಲಸ ಮುಗಿಸಿಕೊಂಡು ನೇರವಾಗಿ ನಮ್ಮ ಮನೆಗೆ ಬಂದು, ಕೊಲ್ಲಿಯ ಸಿರಿವಂತ ಕ್ಲಬ್ಬೊಂದು ನಿನ್ನನ್ನು ಕರೆಯುತ್ತಿರುವ ವಿಷಯವನ್ನು ತಿಳಿಸಿ, ನಿನಗೆ ಹದಿನೆಂಟು ತುಂಬಿದ ಕೂಡಲೇ ಹೊರಡುವಂತೆ ಏಜೆಂಟರು ಕಳುಹಿಸಿರುವ ಒಪ್ಪಂದದ ಕರಡನ್ನು ನನ್ನ ಮುಂದಿಟ್ಟ. ಬೆಂಗಳೂರಿನ ನಿನ್ನ ಈಗಿನ ಕ್ಲಬ್ ಕೊಡಲು ಒಪ್ಪಿರುವ ಮೊದಲ ವೃತ್ತಿಪರ ಒಪ್ಪಂದದ ಸಂಬಳ ಅದರ ಕಾಲು ಭಾಗವೂ ಇಲ್ಲವೆಂಬುದು ಅವನ ಚಿಂತೆ. “ನೀವೇ ಒಂದು ಮಾತು ಬರೆಯಿರಿ ಅಣ್ಣ, ನನ್ನ ಮಾತಿಗಿಂತ ನಿಮ್ಮ ಮಾತನ್ನು ಕೇಳುತ್ತಾನೆ” ಎಂದು ಹೇಳಿಹೋದ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಕಾಗದದಲ್ಲಿ ಬರೆಯುತ್ತಿದ್ದೇನೆ; ಒಂದಕ್ಕೆರಡು ಸಲ ಓದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರದೇಶಕ್ಕೆ ಹೋಗಲೇಬೇಡ ಎಂದು ನಾನು ಹೇಳುವುದಿಲ್ಲ. ಒಂದು ದಿನ ನೀನು ಹೋಗಬೇಕೆಂಬುದು ನನ್ನ ಆಸೆಯೂ ಹೌದು. ಆದರೆ ಈಗಲೇ ಬೇಡ, ಯಾರೂ ಬೆಲೆ ಕೊಡದೆ ಕರೆದೊಯ್ಯುವ ಹುಡುಗನಾಗಿ ಬೇಡ. ಇಲ್ಲಿಯೇ ಎರಡು ಮೂರು ಋತುಗಳ ಕಾಲ ಮೊದಲ ಹನ್ನೊಂದರಲ್ಲಿ ಆಡು. ಆಮೇಲೆ ನಿನಗಾಗಿ ಹಣ ಕೊಟ್ಟು, ನಿನ್ನನ್ನು ಆಡಿಸುವ ಉದ್ದೇಶದಿಂದಲೇ ಕೊಳ್ಳುವ ಕ್ಲಬ್ಬಿಗೆ ಹೋಗು.

ನಿನ್ನ ಮನಸ್ಸಿನಲ್ಲಿ ಏಳುವ ಮೊದಲ ಆಕ್ಷೇಪ ನನಗೆ ಗೊತ್ತಿದೆ, ಮತ್ತು ಅದು ಸಣ್ಣದಲ್ಲ. ನಮ್ಮ ಲೀಗನ್ನು ನಂಬಿ ಕೂರುವುದು ಹೇಗೆ ಎಂದು ನೀನು ಕೇಳಬಹುದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಪಾಲುದಾರರೊಂದಿಗೆ ಮಾಡಿಕೊಂಡಿದ್ದ 15 ವರ್ಷಗಳ ಒಪ್ಪಂದದ ನವೀಕರಣ ಇತ್ಯರ್ಥವಾಗದೆ 2025ರ ಜುಲೈನಲ್ಲಿ ದೇಶದ ಮೊದಲ ಹಂತದ ಲೀಗ್ ಆದ ಇಂಡಿಯನ್ ಸೂಪರ್ ಲೀಗನ್ನೇ (ಐಎಸ್‌ಎಲ್) ತಡೆಹಿಡಿಯಲಾಯಿತು; ಆಟಗಾರರ ಸಂಬಳವನ್ನು ನಿಲ್ಲಿಸಿದ ಕ್ಲಬ್ಬುಗಳೂ ಇದ್ದವು; ಋತು ಆರಂಭವಾಗುವಾಗ 2026ರ ಫೆಬ್ರುವರಿ ಬಂದಿತ್ತು, ಅದೂ ಮೊಟಕಾದ ರೂಪದಲ್ಲಿ. ಹೊಟ್ಟೆಪಾಡಿಗೆ ಆಟವನ್ನೇ ನೆಚ್ಚಿಕೊಂಡ ನೂರಾರು ಹುಡುಗರು ಆ ತಿಂಗಳುಗಳನ್ನು ಹೇಗೆ ಕಳೆದಿರಬಹುದೆಂದು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ಇದನ್ನು ಬಲ್ಲ ಯಾವ ಹಿರಿಯನೂ ದೇಶಾಭಿಮಾನದ ಹೆಸರಿನಲ್ಲಿ ನಿನ್ನನ್ನು ಕಟ್ಟಿಹಾಕಬಾರದು. ನಾನು ಆ ಮಾತನ್ನು ಎತ್ತುವುದೇ ಇಲ್ಲ.

ಆದರೆ ಸಿರಿವಂತ ಕ್ಲಬ್ಬೆಂದರೆ ಭದ್ರವಾದ ಕ್ಲಬ್ಬೆಂದು ತಿಳಿಯಬೇಡ. ಚೀನಾದ ಜಿಯಾಂಗ್ಸು ಕ್ಲಬ್ 2020ರ ನವೆಂಬರಿನಲ್ಲಿ ಅಲ್ಲಿನ ಸೂಪರ್ ಲೀಗ್ ಗೆದ್ದಿತು. ಮಾಲೀಕರು ಹಣ ಹಾಕುವುದನ್ನು ಬಿಟ್ಟದ್ದರಿಂದ 2021ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು. ಹೀಗಾಗಿ ಹಣದ ಭದ್ರತೆಯೊಂದನ್ನೇ ತೂಗಿ ನೋಡಿದರೆ ಎರಡು ಕಡೆಯೂ ಅನುಮಾನವೇ. ತೂಗಬೇಕಾದದ್ದು ಇನ್ನೊಂದಿದೆ. ವಾರವಾರವೂ ನೀನು ಎಷ್ಟು ನಿಮಿಷ ಮೈದಾನದಲ್ಲಿರುತ್ತೀ?

ಇದನ್ನು ನಾನು ಏಕೆ ಇಷ್ಟು ಒತ್ತಿ ಹೇಳುತ್ತೇನೆ ಎಂಬುದಕ್ಕೆ ನಿನ್ನ ಆಟದಿಂದಲೇ ಉದಾಹರಣೆ ಕೊಡುತ್ತೇನೆ. ಹೋದ ಬೇಸಿಗೆಯ ರಜೆಯಲ್ಲಿ ಬಂದಿದ್ದಾಗ ನೀನು ನಮ್ಮ ಶಾಲಾ ಮೈದಾನದಲ್ಲಿ ಹಿರಿಯರ ತಂಡದೆದುರು ಆಡಿದ್ದನ್ನು ನಾನು ಗಡಿಗೆರೆಯ ಪಕ್ಕದಲ್ಲೇ ನಿಂತು ನೋಡಿದೆ. ಗೋಲಿಗೆ ಬೆನ್ನು ಹಾಕಿ ನಿಂತಿರುವಾಗ ಬರುವ ಚೆಂಡನ್ನು ಎಡಗಾಲಿನ ಹೊರಬದಿಯಿಂದ ತಡೆದು, ಅದೇ ಚಲನೆಯಲ್ಲಿ ತಿರುಗಿಬಿಡುವುದು ನಿನಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ಮೈತುಂಬಿದ ಡಿಫೆಂಡರ್ ಒಬ್ಬ ಬೆನ್ನಿಗೆ ಒತ್ತಿಕೊಂಡು ನಿಂತ ಕೂಡಲೇ ನಿನ್ನ ಮೊದಲ ಸ್ಪರ್ಶ ಒಂದು ಗಜ ಮುಂದಕ್ಕೆ ಜಾರುತ್ತದೆ, ಮತ್ತು ಆ ಒಂದು ಗಜದಲ್ಲಿ ಚೆಂಡು ಅವನದಾಗುತ್ತದೆ. ಈ ಕೊರತೆ ಅಭ್ಯಾಸದ ಮೈದಾನದಲ್ಲಿ ಕೋನ್‌ಗಳ ನಡುವೆ ಓಡಿ ಹೋಗುವಂಥದ್ದಲ್ಲ. ಇಪ್ಪತ್ತೆಂಟು, ಮೂವತ್ತು ವಯಸ್ಸಿನ ಗಟ್ಟಿ ಆಟಗಾರರು ಅಂಕಕ್ಕಾಗಿ ಆಡುವ ಪಂದ್ಯಗಳಲ್ಲಿ ಪೆಟ್ಟು ತಿಂದು, ಚೆಂಡು ಕಳೆದುಕೊಂಡು, ಮತ್ತೆ ಮುಂದಿನ ವಾರ ಅದೇ ಜಾಗದಲ್ಲಿ ನಿಂತಾಗ ಮಾತ್ರ ಕಾಲು ಕಲಿಯುತ್ತದೆ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ವಯಸ್ಸು ಇದಕ್ಕಾಗಿಯೇ ಇರುವುದು. ಅದನ್ನು ಬೆಂಚಿನ ಮೇಲೆ ಕಳೆದರೆ ಯಾವ ಸಂಬಳವೂ ಅದನ್ನು ತಂದುಕೊಡುವುದಿಲ್ಲ.

ಆ ಕ್ಲಬ್ಬಿನಲ್ಲಿ ನೀನು ವಿದೇಶಿ ಆಟಗಾರನಾಗುತ್ತೀ ಎಂಬುದನ್ನು ನೆನಪಿಡು. ವಿದೇಶಿ ಆಟಗಾರರ ಸಂಖ್ಯೆಗೆ ಅಲ್ಲಿ ಮಿತಿಯಿದೆ, ಮತ್ತು ಆ ಕೆಲವೇ ಸ್ಥಾನಗಳನ್ನು ಬ್ರೆಜಿಲ್, ಪೋರ್ಚುಗಲ್, ಸೆನೆಗಲ್‌ಗಳಿಂದ ಕೋಟಿಗಟ್ಟಲೆ ಕೊಟ್ಟು ತಂದವರು ತುಂಬುತ್ತಾರೆ. ಅವರ ನಡುವೆ ಹದಿನೆಂಟರ ಭಾರತೀಯ ಸ್ಟ್ರೈಕರ್‌ನನ್ನು ಯಾವ ತರಬೇತುದಾರ ಇಳಿಸುತ್ತಾನೆ? ಮೀಸಲು ತಂಡದಲ್ಲಿ ಒಂದೆರಡು ವರ್ಷ, ಆಮೇಲೆ ಇನ್ನೆಲ್ಲಿಗೋ ಎರವಲು, ಆಮೇಲೆ ಮರೆವು.

ನಮ್ಮವರೇ ಹೋಗಿ ಬಂದ ದಾರಿಯನ್ನು ನೋಡು. ಸುನಿಲ್ ಛೆಟ್ರಿ 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರಬೇಕಾಗಿತ್ತು. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ದೇಶಗಳ ಶ್ರೇಯಾಂಕ ಪಟ್ಟಿಯಲ್ಲಿ ಭಾರತ ಮೊದಲ 70ರೊಳಗೆ ಇಲ್ಲವೆಂದು ಕೆಲಸದ ಪರವಾನಗಿಯೇ ಸಿಗಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರೆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಸೇರಿದಾಗಲೂ ಎರಡನೇ ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳಷ್ಟೇ ಸಿಕ್ಕಿದವು. ಅದೇ ಛೆಟ್ರಿ 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಬಂದು, ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವನ್ನು ಮುನ್ನಡೆಸಿದರು. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ಕಥೆ ಬೇರೆ. ಅವರು 2014ರಲ್ಲಿ ನಾರ್ವೆಯ ಸ್ಟಾಬೆಕ್ ಸೇರಿದಾಗ ಅದು ಹೆಸರಾಂತ ಶ್ರೀಮಂತ ಕ್ಲಬ್ ಆಗಿರಲಿಲ್ಲ. ಲೀಗ್‌ನ ಮೊದಲ ಪಂದ್ಯಕ್ಕೆ 2016ರವರೆಗೆ ಕಾಯಬೇಕಾಯಿತಾದರೂ ಅದೇ ವರ್ಷ ಯುರೋಪಿನ ಕ್ಲಬ್ಬುಗಳ ನಡುವಿನ ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯರಾದರು. ಗೋಲ್‌ಕೀಪರ್ ತಡವಾಗಿ ಮಾಗಿದರೂ ನಡೆಯುತ್ತದೆ. ಸ್ಟ್ರೈಕರ್‌ಗೆ ಅಷ್ಟು ಕಾಲ ಸಿಗುವುದಿಲ್ಲ. ಇನ್ನು ಬೈಚುಂಗ್ ಭುಟಿಯಾ ಅವರು 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ಬಿಗೆ ಹೊರಡುವಷ್ಟರಲ್ಲಿ ಕೋಲ್ಕತ್ತದ ಸಾಂಪ್ರದಾಯಿಕ ಎದುರಾಳಿಗಳ ಡರ್ಬಿ ಪಂದ್ಯಗಳಲ್ಲಿ ಲಕ್ಷ ಜನರೆದುರು ಆಡಿ, 1997ರಲ್ಲಿ ಈಸ್ಟ್ ಬೆಂಗಾಲ್ ಪರ ಮೋಹನ್ ಬಾಗಾನ್ ವಿರುದ್ಧ ಹ್ಯಾಟ್ರಿಕ್ ಹೊಡೆದು, ದೇಶದ ಮೊದಲ ಸಾಲಿನ ಸ್ಟ್ರೈಕರ್ ಎನಿಸಿಕೊಂಡಿದ್ದರು. ಅಷ್ಟು ಮಾಗಿ ಹೋದವರಿಗೂ ಅಲ್ಲಿಯ ದಾರಿ ಸುಲಭವಾಗಿರಲಿಲ್ಲ.

ಜಪಾನಿನವರು ಈ ವಿಷಯದಲ್ಲಿ ನಮಗಿಂತ ತಾಳ್ಮೆಯವರು. 1993ರಲ್ಲಿ ತಮ್ಮ ಜೆ-ಲೀಗ್ ಆರಂಭಿಸಿದರು; 1998ರಲ್ಲಿ ಮೊದಲ ಸಲ ವಿಶ್ವಕಪ್‌ಗೆ ಹೋದಾಗ ತಂಡದ ಎಲ್ಲರೂ ದೇಶದೊಳಗಿನ ಕ್ಲಬ್ಬುಗಳವರೇ. ಮೂರೂ ಪಂದ್ಯ ಸೋತರು, ನಿಜ. ಆದರೆ 2022ರಲ್ಲಿ ಜರ್ಮನಿಯನ್ನೂ ಸ್ಪೇನನ್ನೂ ಸೋಲಿಸಿದ ತಂಡದ 26 ಮಂದಿಯಲ್ಲಿ 19 ಮಂದಿ ಯುರೋಪಿನಲ್ಲಿ ಆಡುತ್ತಿದ್ದರು. ಅವರಲ್ಲಿ ಕವೋರು ಮಿತೋಮ ಎಂಬಾತನನ್ನು ನೀನು ಟಿವಿಯಲ್ಲಿ ನೋಡಿಯೇ ಇರುತ್ತೀ. ಹದಿನೆಂಟರಲ್ಲಿ ಕವಾಸಾಕಿ ಕ್ಲಬ್ ಹಿರಿಯರ ತಂಡಕ್ಕೆ ಕರೆದಾಗ, ತಾನಿನ್ನೂ ಸಿದ್ಧನಾಗಿಲ್ಲವೆಂದು ತ್ಸುಕುಬಾ ವಿಶ್ವವಿದ್ಯಾಲಯ ಸೇರಿ, ಎದುರಾಳಿಯನ್ನು ಚೆಂಡಿನೊಂದಿಗೆ ದಾಟುವ ಡ್ರಿಬ್ಲಿಂಗ್ ಕುರಿತೇ ಪ್ರಬಂಧ ಬರೆದು, 2020ರಲ್ಲಿ ಕವಾಸಾಕಿಗೆ ಮರಳಿ ಲೀಗ್ ಗೆದ್ದು, 2021ರಲ್ಲಿ ಇಂಗ್ಲೆಂಡಿನ ಬ್ರೈಟನ್‌ಗೆ ಹೋದವರು ಅವರು. ಇಂಗ್ಲೆಂಡಿನ ಕೆಲಸದ ಪರವಾನಗಿ ಸಿಗದ ಕಾರಣ ಬ್ರೈಟನ್ ಮೊದಲ ವರ್ಷ ಬೆಲ್ಜಿಯಂಗೆ ಎರವಲು ಕಳುಹಿಸಿತು, ಮತ್ತು ಅಲ್ಲಿ ಅವರಿಗೆ ಆಡಲು ಸಿಕ್ಕಿತು. ಹೋಗುವುದೇ ತಪ್ಪೆಂದು ಇದರಿಂದ ತೀರ್ಮಾನಿಸಬೇಡ. ಹಾಗೆಯೇ ಉಳಿದರೆ ಕೆಟ್ಟಂತೆ ಎಂದೂ ತಿಳಿಯಬೇಡ. ಈಜಿಪ್ಟ್ 2006, 2008, 2010ರಲ್ಲಿ ಸತತ ಮೂರು ಸಲ ಆಫ್ರಿಕಾ ಕಪ್ ಗೆದ್ದಾಗ ತಂಡದ ಬೆನ್ನೆಲುಬಾಗಿದ್ದವರು ಕೈರೋದ ಕ್ಲಬ್ಬುಗಳಲ್ಲೇ ಆಡುತ್ತಿದ್ದರು.

ಈಗ ಹಣದ ವಿಷಯ. ನೀನು ಇಲ್ಲಿ ಒಪ್ಪಂದ ಮಾಡಿಕೊಂಡು ಆಮೇಲೆ ವರ್ಗಾವಣೆಯಾದರೆ ಹೊರಗಿನ ಕ್ಲಬ್ ನಿನಗಾಗಿ ಶುಲ್ಕ ಕೊಡಬೇಕಾಗುತ್ತದೆ. ಹಣ ಕೊಟ್ಟು ತಂದವನನ್ನು ಆಡಿಸುವ ಅಗತ್ಯ ಕ್ಲಬ್ಬಿಗೇ ಇರುತ್ತದೆ; ಪುಕ್ಕಟೆಯಾಗಿ ಬಂದವನನ್ನು ಕೂರಿಸಿಡಲು ಅದಕ್ಕೆ ಏನೂ ನಷ್ಟವಿಲ್ಲ. ಇನ್ನೊಂದು ಸಂಗತಿ ನಮ್ಮೂರಿಗೆ ಸೇರಿದ್ದು. ಹೀಗೆ ಬೇರೆ ದೇಶಕ್ಕೆ ವರ್ಗಾವಣೆಯಾದಾಗ ಶುಲ್ಕದ ಶೇ 5ರಷ್ಟನ್ನು ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕೆಂಬ ನಿಯಮ ಫಿಫಾದಲ್ಲಿದೆ: 12ರಿಂದ 15ರವರೆಗಿನ ಒಂದೊಂದು ಋತುವಿಗೆ ಶೇ 0.25, ಆಮೇಲಿನ ಒಂದೊಂದು ಋತುವಿಗೆ ಶೇ 0.5. ಒಂದು ಕೋಟಿ ರೂಪಾಯಿಗೆ ನೀನು ಮಾರಾಟವಾದರೆ, ಹನ್ನೆರಡರ ಹುಡುಗನಾಗಿದ್ದ ನಿನಗೆ ಬೂಟು ಕೊಡಿಸಿದ ಇಲ್ಲಿಯ ಕ್ಲಬ್ಬಿಗೆ ಒಂದು ಋತುವಿನ ಲೆಕ್ಕದಲ್ಲಿ 25,000 ರೂಪಾಯಿ ಬರುತ್ತದೆ. ಕೊಡಗೆಂದರೆ ಹಾಕಿಯೆಂದು ನಾಡೇ ಹೇಳುತ್ತಿರುವಾಗ, ಸುಂಟಿಕೊಪ್ಪ, ಸಿದ್ದಾಪುರದ ಕಡೆಯ ತೋಟದ ಲೈನ್‌ಮನೆಗಳ ಮಕ್ಕಳು ಹಳೆಯ ಚೆಂಡಿನಲ್ಲೇ ಆಡಿ ಬೆಳೆದಿದ್ದಾರೆ. ಅವರಿಗೆ ಆ ಹಣದಲ್ಲಿ ಹೊಸ ಚೆಂಡುಗಳೂ ಗೋಲಿಗೆ ಬಲೆಯೂ ಆಗುತ್ತವೆ. ಆದರೆ ನೋಂದಣಿಯ ದಾಖಲೆ ಇಲ್ಲದಿದ್ದರೆ ಬಿಡಿಗಾಸೂ ಬಾರದು. ಆದ್ದರಿಂದ ನೀನು ಇಲ್ಲಿ ಆಡಿದ ವರ್ಷಗಳ ನೋಂದಣಿ ಸರಿಯಾಗಿದೆಯೇ ಎಂದು ಈಗಲೇ ವಿಚಾರಿಸು.

ಏಜೆಂಟರ ಕಾಗದವನ್ನು ಪೆನ್ಸಿಲ್ ಹಿಡಿದು ಓದಿದೆ. ಎರಡನೇ ಪುಟದಲ್ಲಿ, ನಿನ್ನ ಪರವಾಗಿ ಮಾತಾಡುವ ಹಕ್ಕು ನಾಲ್ಕು ವರ್ಷ ತಮ್ಮೊಬ್ಬರಿಗೇ ಸೇರಿದ್ದೆಂದು ಬರೆದಿದ್ದಾರೆ. ಆಟಗಾರನಿಗೂ ಏಜೆಂಟರಿಗೂ ನಡುವಿನ ಒಪ್ಪಂದ ಎರಡು ವರ್ಷ ಮೀರುವಂತಿಲ್ಲವೆಂದು ಫಿಫಾ 2023ರ ನಿಯಮಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಹದಿನೆಂಟು ತುಂಬದವರ ವ್ಯವಹಾರ ನೋಡಲು ಪ್ರತ್ಯೇಕ ಅನುಮತಿ ಬೇಕು, ಪೋಷಕರ ಲಿಖಿತ ಒಪ್ಪಿಗೆಯೂ ಬೇಕು. ಅವರು ಇವೆರಡನ್ನೂ ತೋರಿಸಿಲ್ಲ. ಕೊನೆಯ ಪುಟದಲ್ಲಿ ಮುಂಗಡದ ಆಸೆ ತೋರಿಸಿದ್ದಾರೆ. ಬಳ್ಳಿಯಲ್ಲಿ ಕಾಯಿ ಹಸಿರಿರುವಾಗಲೇ ಮೆಣಸಿನ ಫಸಲನ್ನು ಗುತ್ತಿಗೆಗೆ ಕೇಳಿಕೊಂಡು ಬರುವ ವ್ಯಾಪಾರಿ ಯಾರ ಲಾಭಕ್ಕೆ ಬರುತ್ತಾನೆಂದು ನಿನ್ನ ಅಪ್ಪನಿಗೆ ಗೊತ್ತು. ಅವನು ಎಂದೂ ಹಾಗೆ ಕೊಟ್ಟವನಲ್ಲ. ಮನೆಯ ಸಾಲದ ಮಾತು ನಿನ್ನ ಕಿವಿಗೆ ಬಿದ್ದಿರಬಹುದು. ಅದನ್ನು ನಾವಿಬ್ಬರು ಅಣ್ಣತಮ್ಮಂದಿರು ನೋಡಿಕೊಳ್ಳುತ್ತೇವೆ. ಆ ಭಾರವನ್ನು ಹೊತ್ತು ನೀನು ಸಹಿ ಹಾಕಿದೆಯೆಂದರೆ ನನಗೆ ಬಹಳ ನೋವಾಗುತ್ತದೆ.

ಉಳಿಯುವುದಾದರೂ ಕಣ್ಣು ಮುಚ್ಚಿ ಉಳಿಯಬೇಡ. ನಮ್ಮ ದೇಶದ ಕ್ಲಬ್ಬುಗಳು ಸ್ಟ್ರೈಕರ್ ಸ್ಥಾನವನ್ನು ವಿದೇಶಿಯರಿಗೇ ಮೀಸಲಿಡುವ ಚಾಳಿಯನ್ನು ಇನ್ನೂ ಬಿಟ್ಟಿಲ್ಲ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಮೈದಾನದಲ್ಲಿ ಆರು ವಿದೇಶಿಯರಿಗೆ ಅವಕಾಶವಿತ್ತು, 2021–22ರಿಂದ ಅದು ನಾಲ್ಕಕ್ಕೆ ಇಳಿದಿದೆ. ಆದರೂ ಗೋಲು ಹೊಡೆಯುವ ಜಾಗವನ್ನು ನಮ್ಮ ಹುಡುಗರಿಗೆ ಬಿಟ್ಟುಕೊಡುವ ಧೈರ್ಯ ಬಹಳ ತರಬೇತುದಾರರಿಗೆ ಬಂದಿಲ್ಲ. ನಿನ್ನ ಕ್ಲಬ್ ನಿನ್ನನ್ನು ಮೈದಾನದ ಅಂಚಿನಲ್ಲಿ ಆಡುವ ರೆಕ್ಕೆಯ ಆಟಗಾರನನ್ನಾಗಿ ಮಾಡುತ್ತೇವೆ ಎಂದರೆ ಕಾರಣ ಕೇಳು. ಮೊದಲ ವರ್ಷ ಆಡಲು ಸಿಗುವುದಿಲ್ಲವೆಂದಾದರೆ ಎರಡನೇ ಹಂತದ ಲೀಗ್‌ನ ತಂಡಕ್ಕೆ ಎರವಲು ಹೋಗಲು ಹಿಂಜರಿಯಬೇಡ, ಬೆಂಗಳೂರಿನ ಸೂಪರ್ ಡಿವಿಷನ್ ಪಂದ್ಯಗಳನ್ನೂ ಕಡೆಗಣಿಸಬೇಡ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಕರ್ನಾಟಕಕ್ಕೆ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ತಂದುಕೊಟ್ಟವರಲ್ಲಿ ಹೆಚ್ಚಿನವರು ಆ ಪಂದ್ಯಗಳಲ್ಲೇ ಬೆಳೆದವರು.

ಆದ್ದರಿಂದ ಈ ವಾರ ಮಾಡಬೇಕಾದ ಕೆಲಸ ಇಷ್ಟು. ಏಜೆಂಟರಿಗೆ, ಮನೆಯವರು ಓದುತ್ತಿದ್ದಾರೆ ಎಂದಷ್ಟೇ ಹೇಳು. ಯಾವ ಕಾಗದಕ್ಕೂ, ಫೋನಿನಲ್ಲಿ ಬರುವ ಯಾವ ಕೊಂಡಿಗೂ ಸಹಿ ಹಾಕಬೇಡ. ಬೆಂಗಳೂರಿನ ನಿನ್ನ ಕ್ಲಬ್ಬಿನಿಂದ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳು: ಹಿರಿಯರ ತಂಡದಲ್ಲಿ ನಿನ್ನ ಸ್ಥಾನ ಯಾವುದು, ಆಡಲು ಸಿಗದಿದ್ದರೆ ಎರವಲು ಕಳುಹಿಸುತ್ತಾರೆಯೇ, ಮತ್ತು ಹೊರದೇಶದ ಕ್ಲಬ್ ಇಂತಿಷ್ಟು ಹಣ ಕೊಟ್ಟರೆ ತಡೆಯದೆ ಬಿಟ್ಟುಕೊಡುವ ಷರತ್ತನ್ನು ಒಪ್ಪುತ್ತಾರೆಯೇ ಎಂದು. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡ ಕ್ಲಬ್ಬಿಗೆ 15 ದಿನಗಳ ನೋಟಿಸ್ ಕೊಟ್ಟು, ಆಗಲೂ ಅದು ಬಾಕಿ ತೀರಿಸದಿದ್ದರೆ ಒಪ್ಪಂದ ಮುರಿಯುವ ಹಕ್ಕು ಫಿಫಾ ನಿಯಮದಂತೆ ಆಟಗಾರನಿಗಿದೆ. 2025ರಲ್ಲಿ ನಡೆದದ್ದನ್ನು ನೋಡಿದ ಮೇಲೆ ಆ ಮಾತು ಒಪ್ಪಂದದಲ್ಲಿಯೇ ಇರಲಿ ಎಂದು ಒತ್ತಾಯಿಸು. ಅವರ ಉತ್ತರ ಕೈಗೆ ಬಂದ ದಿನವೇ ನನಗೆ ಫೋನ್ ಮಾಡು. ನಿನ್ನ ಅಪ್ಪನೂ ನಾನೂ ಮಾರನೆಯ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಬರುತ್ತೇವೆ. ಒಪ್ಪಂದ ಓದಬಲ್ಲ ವಕೀಲರೊಬ್ಬರನ್ನು ಕಂಡು, ಮೂವರೂ ಕುಳಿತು ಮಾತಾಡೋಣ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ