ಆಗಸ್ಟ್ 15ರ ಮೆಸೇಜುಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ಸಲ ಸುಮ್ನೆ ಬಾವುಟದ ಚಿತ್ರ ಫಾರ್ವರ್ಡ್ ಮಾಡುವುದು ಬೇಡ. ದೇಶದ ಬಗ್ಗೆ ಹೆಮ್ಮೆ ಪಡುವ ಒಂದು ವಿಷಯ, ಬೇಸರ ತರುವ ಒಂದು ವಿಷಯ ನೀವೇ ಬರೆದು ಹಾಕಿ.

ನನ್ನದು ಇದು. 1951ರ ಜನಗಣತಿಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 18. 2011ರಲ್ಲಿ ಸುಮಾರು 73. ಸಣ್ಣ ಮಾತಲ್ಲ. ಆದರೆ ಆಗಲೂ ಗಂಡಸರಲ್ಲಿ 81 ಇದ್ದರೆ ಹೆಂಗಸರಲ್ಲಿ 65.

ಜಾಸ್ತಿ ಚುಚ್ಚುವುದು ಇನ್ನೊಂದು. 2023ರಲ್ಲಿ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಆದರೆ ರಕ್ಷಣೆಯಿಲ್ಲದೆ ಯಾರನ್ನೂ ಚರಂಡಿ ಶುಚಿಗೆ ಇಳಿಸಬಾರದು ಎಂದು 2013ರ ಕಾನೂನು ಹೇಳಿದರೂ ಇಲ್ಲಿ ಮನುಷ್ಯರನ್ನು ಹಾಗೇ ಮ್ಯಾನ್‌ಹೋಲ್‌ಗೆ ಇಳಿಸುತ್ತಾರೆ, ಅವರು ಸಾಯುತ್ತಾರೆ. ಇದನ್ನು ಹೇಳಿದರೆ ದೇಶದ ಮೇಲೆ ಪ್ರೀತಿ ಕಡಿಮೆ ಅಂತಲ್ಲ, ಅಲ್ವಾ?

ಪಕ್ಷಗಳ ಜಗಳ ಮಾತ್ರ ಇಲ್ಲಿ ಬೇಡ, ಅಳಿಸಿಬಿಡುತ್ತೇನೆ. 14ರ ರಾತ್ರಿಯೊಳಗೆ ಹಾಕಿ. ಟೈಪ್ ಮಾಡಲು ಬೇಜಾರಾದರೆ ವಾಯ್ಸ್ ಮೆಸೇಜ್ ಕಳಿಸಿ.