ಹೆಸರು ಗೊತ್ತಿಲ್ಲದ ಆ ಅಮ್ಮನಿಗೆ

ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಪಕ್ಕದಲ್ಲಿ ಕೂತು ಮಾತಾಡಿಸಿದ ಅಮ್ಮ, ನಿಮಗೆ ಥ್ಯಾಂಕ್ಸ್ ಹೇಳಲು ನನಗಿರುವುದು ಇದೊಂದೇ ದಾರಿ.

"ಪ್ರಾರ್ಥನೆಗೆ ಪುರುಸೊತ್ತೇ ಇಲ್ಲ, ಕಣ್ಣು ಮುಚ್ಚಿದರೆ ಆಫೀಸೇ ಕಾಣುತ್ತೆ" ಅಂದಿದ್ದೆ. ನೀವು ಉಪದೇಶ ಮಾಡಲಿಲ್ಲ. ಬೈಬಲಿನಲ್ಲಿ ಮಾರ್ಕನ ಸುವಾರ್ತೆ ತೆಗೆದು 1ನೇ ಅಧ್ಯಾಯದ 35ನೇ ವಚನದ ಮೇಲೆ ಬೆರಳಿಟ್ಟಿರಿ. ಹಿಂದಿನ ಸಂಜೆ ಯೇಸು ಇದ್ದ ಮನೆಯ ಬಾಗಿಲಲ್ಲಿ ಊರಿಗೆ ಊರೇ ನೆರೆದಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು, ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥಿಸಿದರು. ಅಲ್ಲಿಗೂ ಶಿಷ್ಯ ಸೀಮೋನ ಮತ್ತು ಜೊತೆಗಿದ್ದವರು ಹುಡುಕಿಕೊಂಡು ಬಂದರು! "ನೋಡಿ, ಅವರನ್ನೇ ಬಿಡಲಿಲ್ಲ, ನಮ್ಮನ್ನ ಬಿಡ್ತಾರಾ?" ಅಂತ ನಕ್ಕಿರಿ.

ಬೈಬಲಿನ 117ನೇ ಕೀರ್ತನೆಯಿಂದ ಶುರು ಮಾಡಿ ಅಂದಿರಿ. ಬರೀ ಎರಡು ವಚನ. ತುಟಿ ಅಲ್ಲಾಡಿಸಿ ಮೆಲ್ಲಗೆ ಓದಬೇಕು, ಮನಸ್ಸಿಗೆ ತಾಗಿದ ಮಾತಲ್ಲಿ ನಿಲ್ಲಬೇಕು, ಅದನ್ನೇ ಪ್ರಾರ್ಥನೆ ಮಾಡಬೇಕು, ಆಮೇಲೆ ಸುಮ್ನೆ ಕೂರಬೇಕು. 12ನೇ ಶತಮಾನದಲ್ಲಿ ಗ್ವಿಗೊ ಎಂಬ ಸನ್ಯಾಸಿ ಈ ನಾಲ್ಕನ್ನೂ ಏಣಿಯ ಮೆಟ್ಟಿಲುಗಳ ಹಾಗೆ ವಿವರಿಸಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು.

ಜಾಸ್ತಿ ಉಪಯೋಗಕ್ಕೆ ಬಂದದ್ದು ನೀವು ಹೊರಡುವಾಗ ಹೇಳಿದ ಮಾತು: "ನಡುವೆ ಕೆಲಸ ನೆನಪಾದ್ರೆ ನಿಮ್ಮನ್ನ ನೀವೇ ಬೈಕೋಬೇಡಿ. ಆ ಕೆಲಸದ ವಿಷಯಾನೇ ದೇವರ ಹತ್ರ ಹೇಳಿ." ಈಗ ಬಾಕಿ ಇರುವ ಫೈಲು, ಸಿಡುಕುವ ಸಹೋದ್ಯೋಗಿ, ಎಲ್ಲವೂ ನನ್ನ ಪ್ರಾರ್ಥನೆಯಲ್ಲಿವೆ. ಸಿಡುಕು ಕಮ್ಮಿಯಾಗಿಲ್ಲ, ಬಿಡಿ. ಆದರೆ ಅವರ ಮೇಲೆ ಮೊದಲಿನಷ್ಟು ಕೋಪ ಬರುವುದಿಲ್ಲ.

ಸದ್ಯ 119ನೇ ಕೀರ್ತನೆಯಲ್ಲಿದ್ದೇನೆ. 176 ವಚನ, ದಿನಕ್ಕೆ ಎಂಟೆಂಟೇ ಓದುತ್ತೇನೆ. ಫೋನ್ ಮಾತ್ರ ಪಕ್ಕದ ಕೋಣೆಯಲ್ಲೇ ಇರಬೇಕು. ತುಂಬಾ ಥ್ಯಾಂಕ್ಸ್ ಅಮ್ಮ.