ಸ್ಕ್ಯಾನ್ ಸುದ್ದಿ ನಂಬಿ ಮಗಳಿಗೆ ಸೈನ್ಸ್ ತಪ್ಪಿಸಬೇಡಿ

ಮಾನ್ಯ ಸಂಪಾದಕರೇ,

ಗಂಡು ಮಿದುಳು ಯಾವುದು, ಹೆಣ್ಣು ಮಿದುಳು ಯಾವುದು ಅಂತ ಎಐ ಕಂಡುಹಿಡಿಯುತ್ತದೆ ಎಂಬ ಸುದ್ದಿ ಪತ್ರಿಕೆ, ವಾಟ್ಸಾಪ್ ಎರಡರಲ್ಲೂ ಓಡಾಡುತ್ತಿದೆ. ಸುದ್ದಿ ಸುಳ್ಳಲ್ಲ, ಆದರೆ ಅರ್ಧವಷ್ಟೇ ಬರುತ್ತಿದೆ. ಅದರ ಪೆಟ್ಟು ನಮ್ಮ ಹುಡುಗಿಯರಿಗೆ ಬೀಳುತ್ತಿದೆ.

ನಾನು ವಿಜಯಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಪಿಯುಸಿ ಅಡ್ಮಿಷನ್ ಸಮಯದಲ್ಲಿ ಒಬ್ಬ ತಂದೆ ಬಂದು ಫೋನ್ ತೋರಿಸಿದರು. 'ನೋಡ್ರಿ ಅಕ್ಕೋರ, ಹುಡಿಗ್ಯಾರ ಮಿದುಳೇ ಬ್ಯಾರೆ ಅಂತ ಕಂಪ್ಯೂಟರೇ ಹೇಳ್ಯದ. ಸೈನ್ಸ್ ಯಾಕ್ರಿ, ಆರ್ಟ್ಸ್ ಸಾಕು' ಎಂದರು. ಮಗಳು ಪಕ್ಕದಲ್ಲಿ ಅಂಕಪಟ್ಟಿಯನ್ನು ಮಡಚುತ್ತಾ ಬಿಚ್ಚುತ್ತಾ ನಿಂತಿದ್ದಳು. ಗಣಿತದಲ್ಲಿ ಅವಳಿಗೆ 94 ಬಂದಿತ್ತು.

2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ತಂಡ 20ರಿಂದ 35 ವರ್ಷದವರ ಎಂಆರ್‌ಐ ಸ್ಕ್ಯಾನ್ ಕೊಟ್ಟು ಕಂಪ್ಯೂಟರಿಗೆ ತರಬೇತಿ ನೀಡಿತು. ಸುಮ್ನೆ ಮಲಗಿದ್ದಾಗ ಮಿದುಳಿನ ಯಾವ ಭಾಗದ ಚಟುವಟಿಕೆ ಹೇಗೆ ಏರಿಳಿಯುತ್ತದೆ ಎಂಬುದನ್ನು ನೋಡಿ, ಅದು ಶೇ 90ಕ್ಕಿಂತ ಜಾಸ್ತಿ ಸಲ ಗಂಡೋ ಹೆಣ್ಣೋ ಎಂದು ಸರಿಯಾಗಿ ಹೇಳಿತು. ಗಣಿತ ಯಾರಿಗೆ ಬರುತ್ತದೆ ಎಂಬುದಕ್ಕೆ ಇದು ಉತ್ತರವಲ್ಲ. ಫೋನಿನಲ್ಲಿ ದನಿ ಕೇಳಿದರೆ ಗಂಡಸೋ ಹೆಂಗಸೋ ಗೊತ್ತಾಗುತ್ತದೆ, ಅವರಿಗೆ ಹಾಡಲು ಬರುತ್ತದೋ ಇಲ್ಲವೋ ಗೊತ್ತಾಗುತ್ತದಾ?

ಇಂಥ ಅಧ್ಯಯನಗಳನ್ನು ಎಚ್ಚರದಿಂದ ಓದಬೇಕು. ಗಂಡಸರ ಮಿದುಳು ಗಾತ್ರದಲ್ಲಿ ಸರಾಸರಿ ಶೇ 11ರಷ್ಟು ದೊಡ್ಡದು. ಅದನ್ನು ಲೆಕ್ಕದಿಂದ ತೆಗೆಯದಿದ್ದರೆ ಕಂಪ್ಯೂಟರ್ ಬರೀ ತಲೆಯ ಗಾತ್ರ ನೋಡಿಯೇ ಊಹಿಸಿಬಿಡಬಹುದು. ಮಕ್ಕಳಾದರೆ ಸ್ಕ್ಯಾನ್ ಒಳಗೆ ಅಲುಗಾಡುತ್ತಾರೆ, ಚಿತ್ರ ಕೆಡುತ್ತದೆ. ಇನ್ನು ಬೆಳೆಯುವ ಮಿದುಳು ಅಭ್ಯಾಸದಿಂದಲೂ ಬದಲಾಗುತ್ತದೆ. ಸಂಜೆ ಮೈದಾನಕ್ಕೆ ಹೋಗುವ ಹುಡುಗನನ್ನೂ ರೊಟ್ಟಿ ಬಡಿಯಲು ಕೂರುವ ಹುಡುಗಿಯನ್ನೂ ಪಕ್ಕಪಕ್ಕ ಇಟ್ಟು, ಕಂಡ ವ್ಯತ್ಯಾಸವೆಲ್ಲ ಹುಟ್ಟಿನಿಂದಲೇ ಬಂದದ್ದು ಎನ್ನುವುದು ಯಾವ ನ್ಯಾಯ?

ಹಾಗಂತ ಈ ಸಂಶೋಧನೆ ಬೇಡ ಎನ್ನುತ್ತಿಲ್ಲ. ನನಗೆ ಇದು ತುಂಬಾ ಬೇಕು. ಆಟಿಸಂ (ಬೇರೆಯವರ ಜೊತೆ ಬೆರೆಯಲು, ಮಾತಾಡಲು ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಇರುವ ಹುಡುಗಿಯರು ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. 'ಪಾಪ, ನಾಚಿಕೆ ಸ್ವಭಾವ' ಎಂದು ನಾವು ಶಿಕ್ಷಕರೂ ಸುಮ್ಮನಾಗುತ್ತೇವೆ. 2022ರಲ್ಲಿ ಸ್ಟ್ಯಾನ್‌ಫರ್ಡ್‌ನವರೇ ಮಷಿನ್ ಲರ್ನಿಂಗ್ (ಉದಾಹರಣೆಗಳನ್ನು ನೋಡಿ ಕಂಪ್ಯೂಟರ್ ತಾನೇ ಕಲಿಯುವ ವಿಧಾನ) ಬಳಸಿ ಆಟಿಸಂ ಇರುವ 637 ಹುಡುಗರ, 136 ಹುಡುಗಿಯರ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿದರು. ದೇಹದ ಚಲನೆಯನ್ನು ನೋಡಿಕೊಳ್ಳುವ ಭಾಗಗಳೂ ಸೇರಿದಂತೆ ಕೆಲವು ಕಡೆ ವ್ಯತ್ಯಾಸ ಕಂಡಿತು. ಹುಡುಗರನ್ನು ನೋಡಿ ಮಾಡಿಟ್ಟ ಪರೀಕ್ಷೆ ಹುಡುಗಿಯರಿಗೆ ಸಾಲದು ಎಂಬ ಮಾತಿಗೆ ಇಂಥ ಕೆಲಸ ಬಲ ಕೊಡುತ್ತದೆ.

ನಮ್ಮಲ್ಲೂ ನಿಮ್ಹಾನ್ಸ್ ಮುಂದಾಳತ್ವದಲ್ಲಿ 6ರಿಂದ 23 ವರ್ಷದವರ ಮಿದುಳು, ಮನಸ್ಸಿನ ಬೆಳವಣಿಗೆ ಕುರಿತ ದೊಡ್ಡ ಅಧ್ಯಯನವೊಂದು ನಡೆದಿದೆ. ಅದರಲ್ಲಿ ಕರ್ನಾಟಕದ ಕೇಂದ್ರಗಳು ಬೆಂಗಳೂರು, ಮೈಸೂರಿನವು. ಮುಂದಿನ ಅಧ್ಯಯನಕ್ಕೆ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಮಕ್ಕಳನ್ನೂ ಸೇರಿಸಿಕೊಳ್ಳಬೇಕು. ನಮ್ಮಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಇದೆ, ಅದು ಕೈಜೋಡಿಸಲಿ.

ತಮ್ಮಲ್ಲೂ ಒಂದು ವಿನಂತಿ. ಇಂಥ ಸುದ್ದಿ ಹಾಕುವಾಗ ಯಾವ ದೇಶದವರನ್ನು, ಯಾವ ವಯಸ್ಸಿನವರನ್ನು, ಎಷ್ಟು ಜನರನ್ನು ನೋಡಿದರು ಎಂದು ಬರೆಯಿರಿ. ಬುದ್ಧಿವಂತಿಕೆಯನ್ನು ಅಳೆದಿಲ್ಲವಾದರೆ ಅದನ್ನು ತಲೆಬರಹದ ಕೆಳಗೇ ಹಾಕಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನಗಳಲ್ಲಂತೂ ದಯವಿಟ್ಟು ಮರೆಯಬೇಡಿ.

ಇಂತಿ,
ಗಣಿತ ಶಿಕ್ಷಕಿ, ವಿಜಯಪುರ